ಕೊಲ್ಲಿಮಲೈನ ಸಂತೋಷ

1929ರ ಜೂನ್ ತಿಂಗಳಲ್ಲಿ ಲಂಡನ್ನಿನ ಒಂದು ಮನೆಗೆ ತಂತಿ ಬಂತು. ದಕ್ಷಿಣ ಭಾರತದ ಬೆಟ್ಟವೊಂದರ ಮೇಲೆ ಮಿಷನರಿಯಾಗಿದ್ದ ಜೆಸ್ಸಿ ಬ್ರ್ಯಾಂಡ್ ತೀರಿಕೊಂಡಿದ್ದರು. ಮಲೇರಿಯಾ ವಿಕೋಪಕ್ಕೆ ಹೋಗಿ ಮೂತ್ರ ಕಪ್ಪಾಗುವ ಜ್ವರ ಅವರನ್ನು ಕೊಂದಿತ್ತು. ಮಗ ಪಾಲ್‌ಗೆ ಆಗ ಹದಿನಾಲ್ಕು ವರ್ಷ. ಓದಿಗೆಂದು ಒಂಬತ್ತನೆಯ ವಯಸ್ಸಿನಲ್ಲಿ ಅವನನ್ನು ನೆಂಟರ ಮನೆಯಲ್ಲಿ ಬಿಟ್ಟು ತಂದೆತಾಯಿ ಮರಳಿ ಬೆಟ್ಟಕ್ಕೆ ಹೋದ ಮೇಲೆ ಅವನು ತಂದೆಯ ಮುಖ ಕಂಡಿರಲಿಲ್ಲ. ತಂತಿ ಬೇಗ ತಲುಪುತ್ತದೆ, ಕಾಗದ ಹಡಗಿನಲ್ಲಿ ಬರಬೇಕು. ಹಾಗಾಗಿ ಸಾವಿನ ಸುದ್ದಿ ಬಂದ ಮೇಲೂ ತಂದೆಯ ಕೈಬರಹದ ಕಾಗದಗಳು ಹುಡುಗನಿಗೆ ಬರುತ್ತಲೇ ಇದ್ದವು.

ಆ ಕೊನೆಯ ಕಾಗದಗಳಲ್ಲಿ ಒಂದರ ಸಾರ ಪಾಲ್ ಬ್ರ್ಯಾಂಡ್ ಅವರ ಜೀವನಕಥೆಯಲ್ಲಿ ದಾಖಲಾಗಿದೆ. ಕುದುರೆಯೇರಿ ಗಾಳಿ ಬೀಸುವ ಬೆಟ್ಟದ ನೆತ್ತಿಯಲ್ಲಿ ಹೋಗುವಾಗ ಕಂಡದ್ದನ್ನು ತಂದೆ ಮಗನಿಗೆ ವಿವರಿಸುತ್ತಾರೆ. ಈ ಲೋಕವನ್ನು ಕಂಡು ನಾವು ಹಿಗ್ಗಬೇಕೆಂಬುದೇ ದೇವರ ಇಚ್ಛೆ ಎನ್ನುತ್ತಾರೆ. ಅದಕ್ಕೆ ಶಾಸ್ತ್ರ ಓದಿರಬೇಕಾಗಿಲ್ಲ, ಕಣ್ಣು ತೆರೆದು ನೋಡಿದರೆ ಸಾಕು; ಇಂಥ ಚೆಲುವಾದ ಭೂಮಿಯಲ್ಲಿ ನಮ್ಮನ್ನು ಇಟ್ಟದ್ದಕ್ಕೆ ಕೃತಜ್ಞತೆಯಿರಲಿ ಎಂಬುದು ಅದರ ತಾತ್ಪರ್ಯ. ಸತ್ತುಹೋದವರ ಸಂತೋಷ ಹೀಗೆ ಹಡಗಿನಲ್ಲಿ ತಡವಾಗಿ ಬಂದು ಬದುಕಿರುವವರ ಕೈ ಸೇರಿತು. ಇದನ್ನು ಓದಿದ ದಿನದಿಂದ ನನ್ನನ್ನು ಬಿಡದ ಪ್ರಶ್ನೆ ಒಂದೇ. ಆ ಮನುಷ್ಯ ಅಲ್ಲಿ ಯಾವುದಕ್ಕಾಗಿ ಅಷ್ಟು ಹಿಗ್ಗಿದ್ದರು?

ಆ ಬೆಟ್ಟ, ಕೊಲ್ಲಿಮಲೈ, ಈಗಿನ ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯಲ್ಲಿದೆ. ಇಂದು ಅಲ್ಲಿಗೆ ಎಪ್ಪತ್ತು ಹಿಮ್ಮುರಿ ತಿರುವುಗಳ ರಸ್ತೆಯಿದೆ, ಬಸ್ಸು ಹೋಗುತ್ತದೆ, ರಜೆಗೆ ಜಲಪಾತ ನೋಡಲು ಬೆಂಗಳೂರಿನವರೂ ಹೋಗುತ್ತಾರೆ. ಜೆಸ್ಸಿ ಮತ್ತು ಎವೆಲಿನ್ 1913ರಲ್ಲಿ ಮದುವೆಯಾಗಿ ಮೇಲೆ ಹೋದಾಗ ಕಾಲುದಾರಿ ಮಾತ್ರ ಇತ್ತು. ನಡೆಯಬೇಕು, ಇಲ್ಲವೇ ಕುದುರೆ, ಇಲ್ಲವೇ ಆಳುಗಳು ಹೊರುವ ಡೋಲಿ. ಬಯಲಿನವರು ಮಲೇರಿಯಾಕ್ಕೆ ಹೆದರಿ ಆ ಬೆಟ್ಟವನ್ನು ಹತ್ತುತ್ತಿರಲಿಲ್ಲ. ಗೆದ್ದಲಿಗೆ ಹೆದರಿ ಜೆಸ್ಸಿ ತಮ್ಮ ಮರದ ಮನೆಯನ್ನು ಕಂಬಗಳ ಮೇಲೆ ಎತ್ತರಿಸಿ ಕಟ್ಟಿದರು. ಮುಂದೆ ಹುಟ್ಟಿದ ಮಗನಿಗೆ ಆ ಗೆದ್ದಲಿನ ಹುತ್ತವನ್ನೇ ತೋರಿಸಿ, ಒಳಗಿನ ಓಣಿಗಳನ್ನೂ ಗಾಳಿ ಆಡುವ ದಾರಿಗಳನ್ನೂ ವಿವರಿಸಿದವರೂ ಅವರೇ. ಮನೆ ತಿನ್ನಲು ಬರುವ ಹುಳವನ್ನು ಮಗನಿಗೆ ಅಚ್ಚರಿಯೆಂದು ತೋರಿಸಿದ ತಂದೆ! ಅವರ ಸ್ವಭಾವ ನನಗೆ ತಿಳಿದದ್ದು ಇಲ್ಲಿಂದಲೇ.

ಅವರು ಪದವಿ ಪಡೆದ ವೈದ್ಯರಲ್ಲ. ಉಷ್ಣದೇಶದ ಕಾಯಿಲೆಗಳ ಬಗ್ಗೆ ಅಲ್ಪಕಾಲದ ತರಬೇತಿಯಷ್ಟೇ ಇತ್ತು. ಅದನ್ನು ನಂಬಿಕೊಂಡು ಹಲ್ಲು ಕಿತ್ತರು, ಹುಣ್ಣು ತೊಳೆದರು, ಜ್ವರಕ್ಕೆ ಕ್ವಿನೈನ್ ಕೊಟ್ಟರು. ಬೆಟ್ಟದವರನ್ನು ತುಂಬ ಕಾಡುತ್ತಿದ್ದದ್ದು ನಾರುಹುಣ್ಣು. ಈ ಹೆಸರು ಹೇಳಿದರೆ ಕಲಬುರಗಿ, ರಾಯಚೂರು, ವಿಜಯಪುರದ ಕಡೆಯ ಹಿರಿಯರಿಗೆ ವಿವರಣೆ ಬೇಕಿಲ್ಲ. ಮೆಟ್ಟಿಲುಬಾವಿಗೆ ಜನ ಇಳಿದು ಕಾಲಿಟ್ಟು ನೀರು ತುಂಬುತ್ತಾರೆ. ಹುಣ್ಣಿದ್ದವನ ಕಾಲಿನಿಂದ ಹುಳದ ಮರಿಗಳು ನೀರು ಸೇರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ನೀರುಚಿಗಟ ಅವನ್ನು ನುಂಗುತ್ತದೆ. ಆ ನೀರು ಕುಡಿದವನ ಮೈಯಲ್ಲಿ ವರ್ಷದೊಳಗೆ ಹುಳು ಒಂದು ಮೀಟರಿನಷ್ಟು ಉದ್ದ ಬೆಳೆದು ಕಾಲಿನ ಚರ್ಮ ಒಡೆದು ಹೊರಬರುತ್ತದೆ. ಎಳೆದರೆ ತುಂಡಾಗಿ ಒಳಗೇ ಕೊಳೆಯುತ್ತದೆ. ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಅಂಗುಲದಂತೆ, ವಾರಗಟ್ಟಲೆ ಕಾದು ತೆಗೆಯಬೇಕು. ಜೆಸ್ಸಿ ಹಾಗೆ ಕಡ್ಡಿಗೆ ಸುತ್ತುತ್ತ ಕೂರುತ್ತಿದ್ದುದನ್ನು ಪಾಲ್ ಬಾಲ್ಯದಲ್ಲಿ ನೋಡಿದ್ದರು. ಅಷ್ಟಕ್ಕೇ ನಿಲ್ಲದೆ ಜೆಸ್ಸಿ ಬಾವಿಗಳಿಗೆ ಕಲ್ಲಿನ ಕಟ್ಟೆ ಕಟ್ಟಿಸಿದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಹೇಳಿಕೊಟ್ಟರು. ದೇಶದಿಂದ ಆ ಹುಳು ಪೂರ್ತಿ ಅಳಿದದ್ದು ಬಹಳ ತಡವಾಗಿ. ಕೊನೆಯ ರೋಗಿ ರಾಜಸ್ಥಾನದಲ್ಲಿ 1996ರಲ್ಲಿ ಸಿಕ್ಕಿದ್ದು. ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2000ದಲ್ಲಿ. ಸೋಸುವ ಬಟ್ಟೆ ಮತ್ತು ಬಾವಿಯ ಕಟ್ಟೆಗೇ ಆ ಗೆಲುವಿನಲ್ಲಿ ದೊಡ್ಡ ಪಾಲು.

ಜೆಸ್ಸಿ ಹೋಗಿದ್ದದ್ದು ಕ್ರಿಸ್ತನನ್ನು ಸಾರಲು. ಅದನ್ನು ಮುಚ್ಚಿಟ್ಟು ಅವರನ್ನು ಬರೀ ಸಮಾಜಸೇವಕರೆಂದು ಹೇಳಿದರೆ ಅವರಿಗೇ ಅನ್ಯಾಯ. ಮತಾಂತರದ ಬಗ್ಗೆ, ಆಳುವ ಸಾಮ್ರಾಜ್ಯದ ನೆರಳಿನಲ್ಲಿ ಬಂದ ಧರ್ಮದ ಬಗ್ಗೆ ನಮ್ಮಲ್ಲಿ ಹಳೆಯ ವಾದಗಳಿವೆ, ಅವುಗಳಲ್ಲಿ ಹುರುಳೂ ಇದೆ. ಆದರೆ ಆ ಬೆಟ್ಟದ ಮೇಲೆ ವರ್ಷಗಳ ತನಕ ಒಬ್ಬರೂ ಅವರ ಧರ್ಮಕ್ಕೆ ಬರಲಿಲ್ಲ ಎಂಬ ಸಂಗತಿಯನ್ನು ಸ್ವಲ್ಪ ನಿಂತು ಯೋಚಿಸಬೇಕು. ಔಷಧಿಗೆ ಬಂದರು, ಜಗಳ ಬಿಡಿಸಿಕೊಳ್ಳಲು ಬಂದರು, ಆರಾಧನೆಗೆ ಬರಲಿಲ್ಲ. ಅವರನ್ನು ವಿರೋಧಿಸುತ್ತಿದ್ದ ಸ್ಥಳೀಯ ಪೂಜಾರಿಯೊಬ್ಬ ಜ್ವರದಲ್ಲಿ ಸಾಯುವಾಗ, ಊರವರು ಹತ್ತಿರ ಸುಳಿಯದಿದ್ದ ಹೊತ್ತಿನಲ್ಲಿ, ಈ ದಂಪತಿ ಅವನ ಬಳಿ ಹೋದರು. ತನ್ನ ಮಕ್ಕಳನ್ನು ಅವನು ಅವರ ಕೈಗೆ ಒಪ್ಪಿಸಿದ. ಅವರ ಮೇಲೆ ಬೆಟ್ಟದವರಿಗೆ ನಂಬಿಕೆ ಮೂಡಿದ್ದು ಆಮೇಲೆ. ಅದಕ್ಕೂ ಮುಂಚಿನ ಆ ಬರಿದಾದ ವರ್ಷಗಳಲ್ಲಿ ಅವರು ಮುಖ ಬಾಡಿಸಿಕೊಂಡು ಕೂತಿರಲಿಲ್ಲ. ಶಾಲೆ ಕಟ್ಟಿದರು, ಕಿತ್ತಳೆ ಸಸಿ ನೆಟ್ಟರು, ಕುದುರೆಯೇರಿ ಹಳ್ಳಿಯಿಂದ ಹಳ್ಳಿಗೆ ಹೋದರು, ಮಕ್ಕಳಿಗೆ ಗೀಜಗನ ಗೂಡು ತೋರಿಸಿದರು. ಬಂದ ಕೆಲಸ ಲೆಕ್ಕದಲ್ಲಿ ಶೂನ್ಯವಾಗಿರುವಾಗಲೂ ದಿನದಿನದ ಬದುಕು ತುಂಬಿತ್ತು. ಫಲಕ್ಕಾಗಿ ಕಾಯದ ಸಂತೋಷ ಎಂದು ನಾವು ಬಾಯಲ್ಲಿ ಹೇಳುವುದು ಸುಲಭ. ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ಜ್ವರದ ಬೆಟ್ಟದಲ್ಲಿ, ಒಬ್ಬರೂ ಕಿವಿಗೊಡದ ವರ್ಷಗಳಲ್ಲಿ ಅದನ್ನು ಬದುಕಿದವರನ್ನು ಕಂಡರೆ ನನಗೆ ಮಾತು ನಿಲ್ಲುತ್ತದೆ.

ಎವೆಲಿನ್ ಬಗ್ಗೆ ಇನ್ನೂ ಹೆಚ್ಚು ಹೇಳಬೇಕು. 1879ರಲ್ಲಿ ಲಂಡನ್ನಿನ ಅನುಕೂಲಸ್ಥ ವ್ಯಾಪಾರಿ ಮನೆತನದಲ್ಲಿ ಹುಟ್ಟಿದವರು. ಚಿತ್ರ ಬರೆಯುತ್ತಿದ್ದರು, ಒಳ್ಳೆಯ ಉಡುಪು ತೊಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಇಂಗ್ಲೆಂಡಿಗೆ ಬಂದಿಳಿದ ತಾಯಿಯನ್ನು ಕಂಡು ಮಗ ಗುರುತೇ ಹಿಡಿಯಲಾರದವನಂತೆ ನಿಂತಿದ್ದನಂತೆ. ನೆನಪಿನಲ್ಲಿದ್ದ ಎತ್ತರದ, ಗೆಲುವಿನ ಹೆಂಗಸು ಕುಗ್ಗಿ ಬಾಗಿದ ವಿಧವೆಯಾಗಿದ್ದಳು. ಇನ್ನು ಅವರು ಅಲ್ಲೇ ಉಳಿಯುತ್ತಾರೆ ಎಂದೇ ಎಲ್ಲರೂ ಅಂದುಕೊಂಡಿದ್ದಿರಬೇಕು. ಅವರು ಮರಳಿ ಭಾರತಕ್ಕೆ ಬಂದರು. ಮಿಷನ್ ಅವರನ್ನು ಬಯಲಿನಲ್ಲಿ ಕೆಲಸಕ್ಕಿಟ್ಟಿತು. ಗಂಡನ ಜತೆ ಸೇರಿ ಕನಸು ಕಂಡಿದ್ದ ಐದು ಬೆಟ್ಟಸಾಲುಗಳು ಅವರ ಮನಸ್ಸಿನಲ್ಲೇ ಉಳಿದವು. ವಯಸ್ಸು ಎಪ್ಪತ್ತರ ಹತ್ತಿರ ಬಂದಾಗ, ನಿವೃತ್ತಿಯ ದಿನ, ಮಿಷನ್ನಿನಿಂದ ಬಿಡುಗಡೆ ಪಡೆದು ತಮ್ಮಲ್ಲಿದ್ದ ಅಲ್ಪಸ್ವಲ್ಪ ಹಣದಿಂದ ಒಬ್ಬರೇ ಮತ್ತೆ ಬೆಟ್ಟ ಹತ್ತಿದರು. ಗಂಡನನ್ನು ಕೊಂದ ಬೆಟ್ಟವನ್ನು!

ಅಲ್ಲಿಂದ ಮುಂದೆ ಅವರು ಬದುಕಿದ್ದು ಇಪ್ಪತ್ತೈದಕ್ಕೂ ಹೆಚ್ಚು ವರ್ಷ. ಎಪ್ಪತ್ತೈದರಲ್ಲಿ ಒಂಟಿಯಾಗಿ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿಯಿತು. ರಾತ್ರಿಯಿಡೀ ಬಿದ್ದಲ್ಲೇ ಇದ್ದರು. ಬೆಳಿಗ್ಗೆ ಯಾರೋ ಕಂಡು, ಹಗ್ಗದ ಮಂಚದ ಮೇಲೆ ಹೊತ್ತು ಕೆಳಗಿಳಿಸಿ, ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದರು. ವೈದ್ಯನಾಗಿದ್ದ ಮಗ ಬೇಡಿಕೊಂಡರು: ಅಮ್ಮಾ, ಇನ್ನು ಸಾಕು, ಕೆಳಗಿರು. ದೇವರ ಕೆಲಸಕ್ಕೆ ಬಳಕೆಯಾಗದಿದ್ದರೆ ಈ ಹಳೆಯ ಮೈಯನ್ನು ಜೋಪಾನ ಮಾಡಿ ಏನು ಪ್ರಯೋಜನ ಎಂಬುದು ಅವರ ಉತ್ತರದ ಧಾಟಿ. ಎರಡು ಬಿದಿರು ಕೋಲು ಊರಿಕೊಂಡು, ದಾರಿ ದೂರವಾದರೆ ತಟ್ಟುಕುದುರೆಯ ಮೇಲೆ ಕೂತು, ಅವರು ಕೊಲ್ಲಿಯಿಂದ ಪಚ್ಚೈಮಲೈಗೆ, ಕಲ್ರಾಯನ್ ಬೆಟ್ಟಕ್ಕೆ ಹೋದರು. ಔಷಧಿ ಕೊಟ್ಟರು, ತರಕಾರಿ ಬೆಳೆಯುವುದನ್ನು ಹೇಳಿಕೊಟ್ಟರು, ತಬ್ಬಲಿ ಮಕ್ಕಳನ್ನು ಸಾಕಿದರು, ನಾರುಹುಣ್ಣಿನ ಮೇಲೆ ಜೆಸ್ಸಿ ಆರಂಭಿಸಿದ್ದ ಹೋರಾಟವನ್ನು ಬಿಡಲಿಲ್ಲ. ತೀರಿಕೊಂಡಾಗ ಅವರಿಗೆ ತೊಂಬತ್ತೈದು. 1974ರ ಡಿಸೆಂಬರ್. ಬೆಟ್ಟದ ಮೇಲೆ ಗಂಡನ ಪಕ್ಕದಲ್ಲೇ ಅವರನ್ನು ಮಣ್ಣು ಮಾಡಿದರು.

ಬಾಳಿನ ಕೊನೆಯ ಇಪ್ಪತ್ತು ವರ್ಷ ಎವೆಲಿನ್ ತಮ್ಮ ಮನೆಯಲ್ಲಿ ಕನ್ನಡಿ ಇಟ್ಟುಕೊಂಡಿರಲಿಲ್ಲ ಎಂದು ಮಗ ಬರೆದಿದ್ದಾರೆ. ಎಳೆಯ ವಯಸ್ಸಿನಲ್ಲಿ ಚೆಲುವೆಯಾಗಿದ್ದ, ಬಣ್ಣಗಳ ಕಣ್ಣುಳ್ಳ ಹೆಂಗಸು! ತಾಯಿಯ ಬಗ್ಗೆ ಅವರ ಅತ್ಯಂತ ಬಲವಾದ ನೆನಪುಗಳಲ್ಲಿ ಒಂದು ಹಳ್ಳಿಯದು. ಆಕೆ ಕಲ್ಲುಕಟ್ಟೆಯ ಮೇಲೆ ಕೂತಿದ್ದಾರೆ, ಸುತ್ತ ಜನ ಅವರ ಮುಖವನ್ನೇ ನೋಡುತ್ತ ಕೇಳುತ್ತಿದ್ದಾರೆ. ಸುಕ್ಕುಗಟ್ಟಿದ, ಬಿಸಿಲಿಗೆ ಬೆಂದ ಆ ಮುಖವನ್ನು ಹಳ್ಳಿಯವರ ಕಣ್ಣುಗಳ ಮೂಲಕ ನೋಡಿದಾಗ ಅದು ತನಗೂ ಚೆಲುವಾಗಿ ಕಂಡಿತು ಎಂಬರ್ಥದಲ್ಲಿ ಅವರು ಹೇಳುತ್ತಾರೆ. ಕನ್ನಡಿ ಬಿಟ್ಟದ್ದನ್ನು ನಾನು ವೈರಾಗ್ಯವೆಂದು ಓದುವುದಿಲ್ಲ. ವೈರಾಗ್ಯದಲ್ಲಿ ಏನನ್ನೋ ಬಿಟ್ಟೆ ಎಂಬ ನೆನಪು ಉಳಿದಿರುತ್ತದೆ. ಈ ಅಜ್ಜಿಗೆ ನೋಡಲು ಬೇರೆ ಎಷ್ಟೋ ಇತ್ತು. ಬೆಳಿಗ್ಗೆ ಎದ್ದರೆ ಮಂಜು ಕಳಚುವ ಕಣಿವೆ, ಬಾಗಿಲಲ್ಲಿ ಕಂಕುಳ ಮಗುವಿನೊಂದಿಗೆ ನಿಂತ ತಾಯಿ, ಹೋಗಲೇಬೇಕಾದ ಮುಂದಿನ ಹಳ್ಳಿ. ಅವರ ಸಂತೋಷದ ಬೇರು ಇಲ್ಲೇ ಇದೆ ಅನ್ನಿಸುತ್ತದೆ. ತನ್ನಿಂದ ಕಣ್ಣು ತೆಗೆದು ಎದುರಿಗಿರುವುದನ್ನು ಬೆರಗಿನಿಂದ ನೋಡುವ ಶಕ್ತಿ ಅವರಲ್ಲಿತ್ತು. ಸೇವೆ ಆ ನೋಟದ ಹಿಂದೆಯೇ ಬಂತು. ಕರ್ತವ್ಯವೆಂದು ಶುರುಮಾಡಿದ್ದರೆ ಸೊಂಟ ಮುರಿದ ದಿನವೇ ಮುಗಿಯುತ್ತಿತ್ತು.

ಆ ಬೆರಗು ಮಗನಿಗೂ ಬಂದಿತ್ತು, ಬೇರೊಂದು ದಾರಿಯಿಂದ. ಪಾಲ್‌ಗೆ ಮೊದಲು ವೈದ್ಯನಾಗುವ ಆಸೆಯೇ ಇರಲಿಲ್ಲ. ಬಾಲ್ಯದಲ್ಲಿ ಕಂಡ ಕೀವು ರಕ್ತಗಳು ಅವರನ್ನು ಹೆದರಿಸಿದ್ದವು. ತಂದೆಯಂತೆ ಮಿಷನರಿಯಾಗಿ ಮನೆ ಕಟ್ಟಬೇಕೆಂದು ಗಾರೆ ಕೆಲಸ, ಮರಗೆಲಸ ಕಲಿತರು. ಮಿಷನರಿಗಳಿಗೆಂದೇ ಇದ್ದ ತರಬೇತಿಯ ಭಾಗವಾಗಿ ಆಸ್ಪತ್ರೆಯಲ್ಲಿದ್ದಾಗ, ಒಂದು ರಾತ್ರಿ ರಕ್ತ ಸೋರಿ ಹೆಣದಂತೆ ಬಿಳಿಚಿಕೊಂಡಿದ್ದ ಹೆಂಗಸನ್ನು ತಂದರು. ಬೇರೆಯವರ ರಕ್ತ ಅವಳ ಮೈ ಸೇರುತ್ತಿದ್ದಂತೆ ಕೆನ್ನೆಗೆ ಬಣ್ಣ ಬಂತು, ತುಟಿ ಕೆಂಪಾಯಿತು, ಅವಳು ಕಣ್ಣು ಬಿಟ್ಟಳು. ಅದನ್ನು ಕಂಡ ಪಾಲ್ ವೈದ್ಯಕೀಯ ಓದಿದರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕೋಲಾರ, ಬೆಂಗಳೂರು ಕಡೆಯವರು ಇಂದಿಗೂ ಕಷ್ಟದ ಕಾಯಿಲೆಗೆ ಹೋಗುವ ಅದೇ ವೆಲ್ಲೂರು. ಅಮೆರಿಕದ ಮಿಷನರಿ ವೈದ್ಯೆ ಐಡಾ ಸ್ಕಡರ್ ಕಟ್ಟಿದ್ದು.

ಅಲ್ಲಿಂದ ಚೆಂಗಲ್‌ಪಟ್ಟಿನ ಕುಷ್ಠರೋಗ ಆಸ್ಪತ್ರೆ ನೋಡಲು ಹೋದಾಗ ಬೆರಳುಗಳು ಪಂಜದಂತೆ ಮಡಚಿದ ರೋಗಿಯ ಕೈಯನ್ನು ಹಿಡಿದು, ನನ್ನ ಕೈ ಒತ್ತಿ ಹಿಡಿ ಎಂದರು. ಸತ್ತ ಕೈ ಎಂದು ಎಲ್ಲರೂ ತಿಳಿದಿದ್ದ ಆ ಕೈ ನೋಯುವಷ್ಟು ಬಲವಾಗಿ ಹಿಡಿಯಿತು. ಅಂದರೆ ಮುಂಗೈಯ ಕೆಲವು ಸ್ನಾಯುಗಳು ಜೀವಂತವಾಗಿವೆ! ಒಳ್ಳೆಯ ಸ್ನಾಯುವಿನ ಸ್ನಾಯುರಜ್ಜುವನ್ನು ಬಿಡಿಸಿ, ಸೋತ ಬೆರಳಿಗೆ ಜೋಡಿಸಬಹುದು ಎಂಬ ಯೋಚನೆ ಅಲ್ಲಿಂದ ಬೆಳೆಯಿತು. ಕುಷ್ಠರೋಗಿಗೆ ಸಾಮಾನ್ಯ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದ ಕಾಲ. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯಿಂದ ಬಂದ ಫಾದರ್ ಮುಲ್ಲರ್ 1890ರಲ್ಲೇ ಕುಷ್ಠರೋಗಿಗಳಿಗೆ ಆಶ್ರಯ ತೆರೆದಿದ್ದರು, ಅಂಥ ಕೆಲವು ಮನೆಗಳಿದ್ದವು. ಆದರೆ ಅವರ ಕೈಯನ್ನು ಬಿಚ್ಚಿ ಸರಿಪಡಿಸಬಹುದೆಂದು ಯಾರೂ ಕತ್ತಿ ಹಿಡಿದಿರಲಿಲ್ಲ.

ಬ್ರ್ಯಾಂಡ್ ಅವರ ದೊಡ್ಡ ಅರಿವು ಆಪರೇಶನ್ ಕೋಣೆಯ ಹೊರಗೆ ಸಿಕ್ಕಿತು. ತುಕ್ಕು ಹಿಡಿದ ಬೀಗವೊಂದನ್ನು ಅವರು ತೆಗೆಯಲಾರದೆ ನಿಂತಿದ್ದಾಗ, ಹತ್ತು ಹನ್ನೊಂದರ ರೋಗಿ ಹುಡುಗನೊಬ್ಬ ಬಂದು ಕೀಲಿ ತಿರುಗಿಸಿ ತೆಗೆದುಬಿಟ್ಟ. ನೆಲದ ಮೇಲೆ ರಕ್ತ ಬಿತ್ತು. ಕೀಲಿ ಹುಡುಗನ ಬೆರಳನ್ನು ಮೂಳೆಯವರೆಗೆ ಸೀಳಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ. ಕುಷ್ಠದಲ್ಲಿ ಬೆರಳು ತಾನಾಗಿ ಕೊಳೆತು ಉದುರುತ್ತದೆ ಎಂಬುದು ಆ ಕಾಲದ ನಂಬಿಕೆ. ರೋಗ ನರಗಳನ್ನು ಕೊಂದು ನೋವನ್ನು ಕದಿಯುತ್ತದೆ; ನೋವಿಲ್ಲದವನು ತನ್ನನ್ನು ತಾನೇ ಸವೆಸುತ್ತಾನೆ ಎಂಬುದು ಅವರಿಗೆ ಹೊಳೆಯಿತು. ಒಂದೊಂದು ಗಾಯಕ್ಕೂ ಕಾರಣ ಹುಡುಕಿದರು. ಬಿಸಿ ಲಾಟೀನಿನ ಗಾಜು, ಒರಟು ಹಿಡಿಯ ಸುತ್ತಿಗೆ, ಮೊಳೆ ಎದ್ದ ಚಪ್ಪಲಿ. ರಾತ್ರೋರಾತ್ರಿ ಬೆರಳ ತುದಿ ಮಾಯವಾಗುತ್ತಿದ್ದುದಕ್ಕೆ ಕಾದು ನೋಡಿದಾಗ ಕಂಡದ್ದು ಇಲಿ. ಮಲಗಿದ್ದವರ ಬೆರಳನ್ನು ಕಡಿಯುತ್ತಿದ್ದರೂ ಅವರಿಗೆ ಎಚ್ಚರವಾಗುತ್ತಿರಲಿಲ್ಲ. ಆಮೇಲೆ ಮನೆಗೆ ಮರಳುವ ರೋಗಿಗಳ ಜತೆ ಒಂದು ಬೆಕ್ಕನ್ನೂ ಕಳಿಸುತ್ತಿದ್ದರು. ಶಸ್ತ್ರಚಿಕಿತ್ಸೆಯಿಂದ ನೇರವಾದ ಕೈ ಪಡೆದವರಲ್ಲಿ ಕೆಲವರಿಗೆ ಭಿಕ್ಷೆಯೂ ಹುಟ್ಟದಾಯಿತು, ಕೆಲಸವನ್ನೂ ಯಾರೂ ಕೊಡಲಿಲ್ಲ. ಅವರಿಗಾಗಿ ನವಜೀವ ನಿಲಯಂ ಎಂಬ ನೆಲೆ ಎದ್ದಿತು. ಅಲ್ಲಿ ಮರದ ಆಟಿಕೆ ಮಾಡಲು ಕಲಿಸಿದಾಗ, ವ್ಯರ್ಥವಾಯಿತೆಂದು ಪಾಲ್ ಒಮ್ಮೆ ಕೊರಗಿದ್ದ ಮರಗೆಲಸದ ವರ್ಷಗಳು ಉಪಯೋಗಕ್ಕೆ ಬಂದವು. ಹೆಂಡತಿ ಮಾರ್ಗರೆಟ್ ಕಣ್ಣಿನ ವೈದ್ಯಕೀಯ ಕಲಿತವರಲ್ಲ. ವೆಲ್ಲೂರಿನಲ್ಲಿ ಕಣ್ಣಿನ ವಿಭಾಗಕ್ಕೆ ಕೈ ಬೇಕೆಂದಾಗ ಹೋದರು, ಆರು ಮಕ್ಕಳನ್ನು ಸಾಕುತ್ತಲೇ ಕುಷ್ಠರೋಗಿಗಳ ಕಣ್ಣು ಉಳಿಸುವ ಪರಿಣತೆಯಾದರು.

ಒಂದು ಸಂಜೆ, ಅಮೆರಿಕ ಪ್ರವಾಸದಿಂದ ಮರಳುತ್ತ ಇಂಗ್ಲೆಂಡಿನಲ್ಲಿ ರೈಲಿಳಿದು ಕೋಣೆ ಸೇರಿ ಕಾಲುಚೀಲ ತೆಗೆಯುವಾಗ, ಹಿಮ್ಮಡಿಯಲ್ಲಿ ಸ್ಪರ್ಶವಿಲ್ಲವೆಂದು ಪಾಲ್ ಅವರಿಗೆ ಅನ್ನಿಸಿತು. ಸೂಜಿ ಚುಚ್ಚಿದರು, ನೋವಾಗಲಿಲ್ಲ. ವರ್ಷಗಟ್ಟಲೆ ರೋಗಿಗಳ ಕೈ ಹಿಡಿದವರು. ತನಗೂ ಬಂತೆಂದು ಇಡೀ ರಾತ್ರಿ ನಿದ್ದೆಯಿಲ್ಲದೆ ಕಳೆದರು. ಮಕ್ಕಳನ್ನು ಮುಟ್ಟುವಂತಿಲ್ಲ, ಹೆಂಡತಿಯಿಂದ ದೂರ ಇರಬೇಕು ಎಂಬ ಆ ಕಾಲದ ಯೋಚನೆಗಳೆಲ್ಲ ಬಂದವು. ಬೆಳಗಿನ ಬೆಳಕಿನಲ್ಲಿ ಮತ್ತೆ ಚುಚ್ಚಿದಾಗ ಕಿರುಚುವಷ್ಟು ನೋವಾಯಿತು. ರೈಲಿನಲ್ಲಿ ಒಂದೇ ಭಂಗಿಯಲ್ಲಿ ಕೂತು ನರ ಜೋಮು ಹಿಡಿದಿತ್ತು, ಅಷ್ಟೆ. ಆ ನೋವಿಗಾಗಿ ಅವರು ದೇವರಿಗೆ ವಂದನೆ ಹೇಳಿದರು. ಆ ಸಂತೋಷದ ಬೆಲೆ ಎಷ್ಟೆಂದು ಅವರಿಗಿಂತ ಚೆನ್ನಾಗಿ ಅವರ ರೋಗಿಗಳಷ್ಟೇ ಬಲ್ಲರು. ಒಂದು ರಾತ್ರಿಯ ಮಟ್ಟಿಗೆ ವೈದ್ಯ ರೋಗಿಗಳ ಪಕ್ಕದಲ್ಲಿ ಮಲಗಿ ಎದ್ದಂತಾಗಿತ್ತು. ಮುಂದಿನ ಬದುಕಿನಲ್ಲಿ ಅವರು ನೋವನ್ನು ವರವೆಂದು ಹೊಗಳಿ ಬರೆದಾಗ ಅದು ನೀತಿಪಾಠದಂತೆ ಕೇಳುವುದಿಲ್ಲ. ಹುಡುಗನಿಗೆ ಹುತ್ತ ತೋರಿಸಿದ ಜೆಸ್ಸಿಯ ದನಿಯೇ ಅಲ್ಲಿ ಕೇಳುತ್ತದೆ: ನೋಡು, ಎಷ್ಟು ಚೆನ್ನಾಗಿ ಮಾಡಿದ್ದಾನೆ.

ವೆಲ್ಲೂರು ಮತ್ತು ಪಕ್ಕದ ಕರಿಗಿರಿಯಲ್ಲಿ ಬ್ರ್ಯಾಂಡ್ ಮತ್ತು ಸಂಗಡಿಗರು ಸ್ಪರ್ಶವಿಲ್ಲದ ಪಾದಕ್ಕೆ ತಕ್ಕ ಮೆತ್ತನೆಯ ಅಟ್ಟೆ ಹುಡುಕುತ್ತ ಎಷ್ಟೋ ಬಗೆಯ ಚಪ್ಪಲಿ ಮಾಡಿ ನೋಡಿದರು. ಕೊನೆಗೆ ಸಣ್ಣ ಸಣ್ಣ ಗಾಳಿಗುಳ್ಳೆ ತುಂಬಿದ ಮೈಕ್ರೋಸೆಲ್ಯುಲರ್ ರಬ್ಬರ್ ಕೈಹಿಡಿಯಿತು. ಇಂದು ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ನಮ್ಮ ಊರುಗಳ ವೈದ್ಯರು ಎಂಸಿಆರ್ ಚಪ್ಪಲಿ ಹಾಕಿಕೊಳ್ಳಿ ಎಂದು ಬರೆದುಕೊಡುತ್ತಾರೆ. ಅದನ್ನು ಮೆಟ್ಟಿ ಸಂಜೆಯ ವಾಕಿಂಗ್ ಹೊರಡುವ ನಮ್ಮ ಬೀದಿಯ ಹಿರಿಯರಿಗೆ ಬ್ರ್ಯಾಂಡ್ ಎಂಬ ಹೆಸರು ಗೊತ್ತಿಲ್ಲ. ಗೊತ್ತಿರಬೇಕೆಂದು ಪಾಲ್ ಬಯಸುತ್ತಿದ್ದರು ಅನ್ನಿಸುವುದಿಲ್ಲ. ಆ ಪಾದಗಳಲ್ಲಿ ಗಾಯವಿಲ್ಲವೆಂದು ಕಂಡರೆ, ಬಾಗಿ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಹಿಗ್ಗುತ್ತಿದ್ದರು.